ಎಂಟು ಲಕ್ಷದ ಕಾರು, ಎಂಟು ಸಾವಿರ ಪಾಯಿಂಟ್

ಕ್ರೆಡಿಟ್ ಕಾರ್ಡಿನಲ್ಲಿ ಕಾರು ಕೊಳ್ಳಬಹುದೇ? ಕೊಂಡರೆ ಬರುವ ರಿವಾರ್ಡ್ ಪಾಯಿಂಟ್ ನಿಜವಾಗಿ ಲಾಭವೇ? ಕೆಲಸಕ್ಕೆ ಸೇರಿದ ಅಣ್ಣಂದಿರು ಇರುವ ಮನೆಗಳಲ್ಲಿ ಈಗ ಈ ಮಾತು ಸಾಮಾನ್ಯ. "ಹೇಗೂ ಕೊಡಲೇಬೇಕಾದ ದುಡ್ಡು, ಕಾರ್ಡಿನಲ್ಲಿ ಕೊಟ್ಟರೆ ಪಾಯಿಂಟ್ ಆದರೂ ಸಿಗುತ್ತದೆ" ಎಂಬುದು ಅವರ ವಾದ. ಕೇಳಲು ಸರಿಯಾಗಿಯೇ ಇದೆ. ಆದರೆ ವಾಣಿಜ್ಯ ವಿಭಾಗದ ನಮಗೆ ಮೊದಲ ದಿನದಿಂದ ಕಲಿಸುವುದು ಒಂದೇ: ಒಂದು ಕಡೆ ಡೆಬಿಟ್ ಬಿದ್ದರೆ ಇನ್ನೊಂದು ಕಡೆ ಕ್ರೆಡಿಟ್ ಬೀಳಲೇಬೇಕು. ಗಿರಾಕಿಗೆ ಪಾಯಿಂಟ್ ಬಂತು ಎಂದರೆ ಅದು ಯಾರದೋ ಖಾತೆಯಿಂದ ಹೋಗಿರಬೇಕು. ಯಾರ ಖಾತೆ ಎಂದು ಹುಡುಕುವುದೇ ಈ ಲೇಖನದ ಕೆಲಸ.

ಲೆಕ್ಕಕ್ಕೆ ಒಂದು ಸಣ್ಣ ಕಾರು ತೆಗೆದುಕೊಳ್ಳೋಣ. ಷೋರೂಮ್ ಬೆಲೆ 8,00,000 ರೂಪಾಯಿ. ಗಿರಾಕಿಯ ಕಾರ್ಡಿಗೆ ಅಷ್ಟು ಮಿತಿ ಇದೆ ಎಂದು ಇಟ್ಟುಕೊಳ್ಳೋಣ (ಹೆಚ್ಚಿನವರ ಕಾರ್ಡಿಗೆ ಇರುವುದಿಲ್ಲ, ಅದು ಬೇರೆ ಮಾತು). ನೂರು ರೂಪಾಯಿ ಖರ್ಚಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ 25 ಪೈಸೆ ಬೆಲೆ. ಸಾಧಾರಣ ಕಾರ್ಡುಗಳಲ್ಲಿ ಹೆಚ್ಚುಕಡಿಮೆ ಇಂಥದೇ ಲೆಕ್ಕ ಇರುತ್ತದೆ. ಎಂಟು ಲಕ್ಷಕ್ಕೆ 8,000 ಪಾಯಿಂಟ್ ಬಂತು. ಎಂಟು ಸಾವಿರ ಎಂದ ಕೂಡಲೇ ಮನಸ್ಸಿನಲ್ಲಿ ಎಂಟು ಸಾವಿರ ರೂಪಾಯಿ ಮೂಡುತ್ತದೆ. ಪಾಯಿಂಟ್ ಎಂಬ ಹೆಸರಿನ ಉಪಯೋಗವೇ ಅದು. ರೂಪಾಯಿಗೆ ತಂದರೆ ಎರಡು ಸಾವಿರ.

ಈಗ ಷೋರೂಮಿನವರ ಕಡೆಗೆ ಬರೋಣ. ಗಿರಾಕಿ 8,00,000 ಉಜ್ಜಿದರೂ ಅಂಗಡಿಯ ಖಾತೆಗೆ ಅಷ್ಟೂ ಬರುವುದಿಲ್ಲ. ಯಂತ್ರ ಕೊಟ್ಟ ಬ್ಯಾಂಕು ಒಂದು ಪಾಲು ಹಿಡಿದುಕೊಂಡು ಉಳಿದದ್ದನ್ನು ಜಮಾ ಮಾಡುತ್ತದೆ. ಇದಕ್ಕೆ ಮರ್ಚೆಂಟ್ ಡಿಸ್ಕೌಂಟ್ ರೇಟ್, ಚಿಕ್ಕದಾಗಿ ಎಂಡಿಆರ್, ಎನ್ನುತ್ತಾರೆ. ಇದರಲ್ಲಿ ಮೂವರಿಗೆ ಪಾಲು: ಗಿರಾಕಿಗೆ ಕಾರ್ಡು ಕೊಟ್ಟ ಬ್ಯಾಂಕು, ಅಂಗಡಿಗೆ ಯಂತ್ರ ಕೊಟ್ಟ ಬ್ಯಾಂಕು, ಮಧ್ಯದಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲ. ದೊಡ್ಡ ಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ಪಾಯಿಂಟ್ ಹುಟ್ಟುವುದೂ ಆ ಪಾಲಿನಿಂದಲೇ. ಶೇ. 2 ಎಂದು ಹಿಡಿದರೆ ಎಂಟು ಲಕ್ಷಕ್ಕೆ 16,000 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ, 2,880.

ಇದನ್ನು ಷೋರೂಮಿನ ಪುಸ್ತಕದಲ್ಲಿ ಬರೆದರೆ ಚಿತ್ರ ಸ್ಪಷ್ಟವಾಗುತ್ತದೆ. ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18 ಆಗಿದೆ. ಎಂಟು ಲಕ್ಷದ ಒಳಗೇ ಆ ತೆರಿಗೆ ಸೇರಿರುವುದರಿಂದ ಅದನ್ನು ಬೇರ್ಪಡಿಸಿ ಬರೆಯಬೇಕು.

ಬ್ಯಾಂಕ್ ಖಾತೆ, ಡೆಬಿಟ್ 7,81,120
ಬ್ಯಾಂಕ್ ಕಮಿಷನ್ ಖಾತೆ, ಡೆಬಿಟ್ 16,000
ಇನ್‌ಪುಟ್ ಜಿಎಸ್‌ಟಿ ಖಾತೆ, ಡೆಬಿಟ್ 2,880
ಮಾರಾಟ ಖಾತೆಗೆ, ಕ್ರೆಡಿಟ್ 6,77,966
ಔಟ್‌ಪುಟ್ ಜಿಎಸ್‌ಟಿ ಖಾತೆಗೆ, ಕ್ರೆಡಿಟ್ 1,22,034

ಎರಡೂ ಕಡೆ ಕೂಡಿದರೆ ಎಂಟು ಲಕ್ಷ. ಈಗ ಎರಡನೆಯ ಸಾಲನ್ನು ನೋಡಿ. ಕಮಿಷನ್ ಕಡಿತವಾದದ್ದು ಪೂರ್ತಿ ಎಂಟು ಲಕ್ಷದ ಮೇಲೆ, ಅಂದರೆ ಸರ್ಕಾರಕ್ಕೆ ಹೋಗಬೇಕಾದ 1,22,034ರ ಮೇಲೂ. ಆ ತೆರಿಗೆಯಲ್ಲಿ ಷೋರೂಮಿಗೆ ಒಂದು ಪೈಸೆ ಲಾಭವಿಲ್ಲ. ಅದನ್ನು ವಸೂಲಿ ಮಾಡಿ ಕಟ್ಟುವ ಕೆಲಸ ಮಾತ್ರ ಅವರದು. ಕಾರಿನ ಮೇಲೆ ಅವರ ಲಾಭಾಂಶ ಶೇ. 4 ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ 6,77,966ಕ್ಕೆ ಸುಮಾರು 27,000 ರೂಪಾಯಿ ಬರುತ್ತದೆ. ಸಿಬ್ಬಂದಿ ಸಂಬಳ, ಬಾಡಿಗೆ, ವಿದ್ಯುತ್ ಎಲ್ಲ ಇದರಲ್ಲೇ ಆಗಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಸಲ ಕಾರ್ಡು ಉಜ್ಜಿದ್ದಕ್ಕೆ ಹೋಗಿಬಿಡುತ್ತದೆ.

ಇನ್ನು ರಸ್ತೆ ತೆರಿಗೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಒಳಗಿನ ಕಾರಿಗೆ ಜೀವಾವಧಿ ತೆರಿಗೆ ಶೇ. 14. ನಮ್ಮ ಉದಾಹರಣೆಯ ಕಾರಿಗೆ 1,12,000, ಸೆಸ್ ಬೇರೆ. ಇದನ್ನೂ ಕಾರ್ಡಿನಲ್ಲೇ ಕೊಟ್ಟರೆ ಷೋರೂಮಿಗೆ ಸೊನ್ನೆ ಲಾಭದ ಹಣದ ಮೇಲೆ ಇನ್ನೂ 2,240 ರೂಪಾಯಿ ಖರ್ಚು.

ಆದ್ದರಿಂದಲೇ ಬಹಳಷ್ಟು ಷೋರೂಮುಗಳು ಬುಕಿಂಗ್ ಹಣವನ್ನು ಮಾತ್ರ ಕಾರ್ಡಿನಲ್ಲಿ ತೆಗೆದುಕೊಂಡು, ಉಳಿದದ್ದಕ್ಕೆ ಬ್ಯಾಂಕಿನಿಂದ ಹಾಕಿ ಎನ್ನುತ್ತವೆ. ಹೋದ ವರ್ಷ ನಮ್ಮ ಖಾಲೂ ಕಾರು ಕೊಂಡಾಗ ಅವರ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಭಾಯಿಜಾನ್, ಎರಡು ಲಕ್ಷವನ್ನಾದರೂ ತನ್ನ ಕಾರ್ಡಿನಲ್ಲಿ ಕೊಡುತ್ತೇನೆ ಎಂದು ಹಟ ಹಿಡಿದರು. ಲೆಕ್ಕದ ಮೇಜಿನಲ್ಲಿದ್ದವರು ಮೆತ್ತಗೆ, "ಕೊಡಬಹುದು ಸರ್, ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ" ಎಂದರು. ಖಾಲೂ ನನ್ನ ಕಡೆ ತಿರುಗಿ, "ಎರಡು ಪರ್ಸೆಂಟ್ ಅಂದ್ರೆ ಎಷ್ಟು ಬೇಟಾ?" ಎಂದು ಕೇಳಿದರು. ನಾಲ್ಕು ಸಾವಿರ ಎಂದೆ. ಪಾಯಿಂಟಿನಿಂದ ಎಷ್ಟು ಬರುತ್ತದೆ ಎಂದು ಕೇಳಿದರು. ಐನೂರು. ಅವರು ಮತ್ತೇನೂ ಮಾತಾಡದೆ ಬ್ಯಾಂಕಿಗೆ ಹೊರಟರು.

ಆ ಮೇಜಿನ ಮಾತು ನನಗೆ ಮುಖ್ಯ ಎನಿಸಿದ್ದು ಬೇರೆ ಕಾರಣಕ್ಕೆ. ಬಟ್ಟೆ ಅಂಗಡಿಯಲ್ಲಿ ಎರಡು ಸಾವಿರದ ಬಿಲ್ಲಿಗೆ ಕಾರ್ಡು ಉಜ್ಜಿದರೆ ಅಂಗಡಿಯವರಿಗೆ ನಲವತ್ತು ರೂಪಾಯಿ ಹೋಗುತ್ತದೆ. ಅವರು ಏನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಬೆಲೆ ನಿಗದಿ ಮಾಡುವಾಗಲೇ ಆ ನಲವತ್ತನ್ನು ಸೇರಿಸಿಕೊಂಡಿರುತ್ತಾರೆ. ಕಾರಿನಲ್ಲಿ ಹಾಗೆ ಮುಚ್ಚಲು ಆಗುವುದಿಲ್ಲ. ಮೊತ್ತ ದೊಡ್ಡದು, ಲಾಭಾಂಶ ತೆಳ್ಳಗೆ, ಬೆಲೆ ಎಲ್ಲರಿಗೂ ಗೊತ್ತಿರುವಂಥದು. ಹಾಗಾಗಿ ಬೇರೆಲ್ಲ ಕಡೆ ಬೆಲೆಯೊಳಗೆ ಅಡಗಿರುವ ಖರ್ಚನ್ನು ಇಲ್ಲಿ ಬಾಯಿ ಬಿಟ್ಟು ಹೇಳುತ್ತಾರೆ. ಪಾಯಿಂಟಿನ ಬೆಲೆ ಯಾರು ಕೊಡುತ್ತಾರೆ ಎಂದು ಕಲಿಯಲು ಕಾರಿಗಿಂತ ಒಳ್ಳೆಯ ಪಾಠ ಇಲ್ಲ.

ಖಾಲೂ ಮಾಡಿದ್ದು ಆರ್‌ಟಿಜಿಎಸ್. ಎರಡು ಲಕ್ಷ ಮತ್ತು ಅದಕ್ಕೆ ಮೇಲಿನ ಹಣವನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಕಳಿಸುವ ವ್ಯವಸ್ಥೆ. 2020ರ ಡಿಸೆಂಬರ್ 14ರಿಂದ ಇದು ಹಗಲು ರಾತ್ರಿ ನಡೆಯುತ್ತದೆ. ಶಾಖೆಗೆ ಹೋಗಿ ಮಾಡಿಸಿದರೂ ಐದು ಲಕ್ಷಕ್ಕೆ ಮೇಲಿನ ಹಣಕ್ಕೆ ಬ್ಯಾಂಕು ಪಡೆಯಬಹುದಾದ ಗರಿಷ್ಠ ಶುಲ್ಕ 49 ರೂಪಾಯಿ 50 ಪೈಸೆ, ಮೇಲೆ ತೆರಿಗೆ. ಡೆಬಿಟ್ ಕಾರ್ಡಿನಲ್ಲಿ ಕೊಟ್ಟರೂ ಅಂಗಡಿಗೆ ಬೀಳುವ ಹೊರೆಗೆ ಮಿತಿ ಇದೆ: 2018ರ ಜನವರಿ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ದೊಡ್ಡ ವ್ಯಾಪಾರಿಗೆ ಶೇ. 0.90, ಆದರೆ ಒಂದು ವ್ಯವಹಾರಕ್ಕೆ ಸಾವಿರ ರೂಪಾಯಿ ಮೀರುವಂತಿಲ್ಲ. ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ 2020ರಿಂದ ಅದೂ ಇಲ್ಲ. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿ ಹಾಕಿಲ್ಲ. ಅದೇ ಎಂಟು ಲಕ್ಷ, ಅದೇ ಗಿರಾಕಿಯಿಂದ ಅದೇ ಷೋರೂಮಿಗೆ ಹೋಗಲು ಒಂದು ದಾರಿಯಲ್ಲಿ ಐವತ್ತು ರೂಪಾಯಿ, ಇನ್ನೊಂದರಲ್ಲಿ ಸಾವಿರ, ಮತ್ತೊಂದರಲ್ಲಿ ಹದಿನಾರು ಸಾವಿರ. ಡೆಬಿಟ್ ಕಾರ್ಡಿಗೆ ಪಾಯಿಂಟ್ ಯಾಕೆ ಇಷ್ಟು ಕಡಿಮೆ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ. ಹಂಚಲು ಅಲ್ಲಿ ಹಣವೇ ಇಲ್ಲ. (ಪೂರ್ತಿ ನಗದು ಕೊಟ್ಟರೆ ಏನು ಎನ್ನುವವರಿಗೆ: 2017ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ ಎರಡು ಲಕ್ಷ ಅಥವಾ ಹೆಚ್ಚಿನ ನಗದನ್ನು ಪಡೆಯುವಂತಿಲ್ಲ. ಪಡೆದರೆ ಪಡೆದಷ್ಟೇ ದಂಡ.)

ಬೇರೆ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಯೂರೋಪಿಯನ್ ಒಕ್ಕೂಟ 2015ರಲ್ಲಿ ಕಾರ್ಡು ಕೊಟ್ಟ ಬ್ಯಾಂಕಿನ ಪಾಲನ್ನು ಕ್ರೆಡಿಟ್ ಕಾರ್ಡಿಗೆ ಶೇ. 0.3, ಡೆಬಿಟ್‌ಗೆ ಶೇ. 0.2 ಎಂದು ಕಟ್ಟಿಹಾಕಿತು. ಆಸ್ಟ್ರೇಲಿಯಾ ಅದಕ್ಕೂ ಮೊದಲೇ, 2003ರಲ್ಲಿ, ಕಡಿತ ಮಾಡಿತ್ತು. ಎರಡೂ ಕಡೆ ಪಾಯಿಂಟಿನ ಉದಾರತೆ ತಗ್ಗಿತು. ಪಾಯಿಂಟ್ ಬ್ಯಾಂಕಿನ ದೊಡ್ಡ ಮನಸ್ಸಿನಿಂದ ಬರುತ್ತಿದ್ದರೆ ಅಂಗಡಿಯ ಶುಲ್ಕ ಇಳಿಸಿದ ಮಾತ್ರಕ್ಕೆ ಅದು ಯಾಕೆ ಇಳಿಯಬೇಕಿತ್ತು?

ಅಮೆರಿಕದಲ್ಲಿ ಪಾಯಿಂಟಿಗಾಗಿ ಕಾರ್ಡು ಬಳಸುವುದು ಒಂದು ಹವ್ಯಾಸವೇ ಆಗಿದೆ. ಅಲ್ಲಿನ ಬಾಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಅಂಗಡಿಯವರು ಕಾರ್ಡಿನ ಖರ್ಚನ್ನು ಎಲ್ಲರ ಬೆಲೆಗೂ ಸೇರಿಸುವುದರಿಂದ, ನಗದು ಕೊಡುವ ಒಂದು ಕುಟುಂಬ ವರ್ಷಕ್ಕೆ ಸರಾಸರಿ 149 ಡಾಲರನ್ನು ತನಗೇ ಗೊತ್ತಿಲ್ಲದೆ ಕಾರ್ಡಿನ ಕುಟುಂಬಗಳಿಗೆ ಕೊಡುತ್ತದೆ, ಕಾರ್ಡಿನ ಒಂದು ಕುಟುಂಬ 1,133 ಡಾಲರ್ ಪಡೆಯುತ್ತದೆ ಎಂದು ಅವರು ಕಂಡುಕೊಂಡರು. ಕಡಿಮೆ ಆದಾಯದವರಿಂದ ಹೆಚ್ಚು ಆದಾಯದವರ ಕಡೆಗೆ ಹಣ ಹರಿಯುತ್ತದೆ ಎಂಬುದೂ ಅದರಲ್ಲಿದೆ. ಅದು ಅಮೆರಿಕದ ಲೆಕ್ಕ, ನಮ್ಮ ದೇಶಕ್ಕೆ ಹಾಗೇ ಹೊಂದುವುದಿಲ್ಲ. ಇಲ್ಲಿ ಯುಪಿಐ ಇದೆ, ಕಾರ್ಡು ಇರುವವರೇ ಕಡಿಮೆ. ಆದರೂ ದಾರಿ ಒಂದೇ. ಮಾಲ್‌ನಲ್ಲಿ ನೋಟು ಎಣಿಸಿ ಕೊಡುವ ಅಜ್ಜಿ ಹಿಂದೆ ನಿಂತು ಕಾರ್ಡು ಉಜ್ಜುವವರ ಪಾಯಿಂಟಿಗೆ ಸ್ವಲ್ಪ ಕೊಟ್ಟೇ ಹೋಗುತ್ತಾರೆ.

ಷೋರೂಮು ಶೇ. 2 ಹೆಚ್ಚಿಗೆ ಕೇಳದೆ ಕಾರ್ಡು ತೆಗೆದುಕೊಂಡರೆ? ಆಗ ಕೈಗೆ ಬರುವ ಎರಡು ಸಾವಿರ ಉಳಿತಾಯವೇ ಎನ್ನಬಹುದು. ಇದಕ್ಕೆ ಒಂದೇ ಷರತ್ತು: ಬಿಲ್ಲು ಬಂದ ಮೇಲೆ ಕೊನೆಯ ದಿನದೊಳಗೆ ಎಂಟು ಲಕ್ಷವನ್ನೂ ಪೂರ್ತಿ ಕಟ್ಟಬೇಕು. ಒಂದು ಲಕ್ಷ ಬಾಕಿ ಉಳಿಯಿತು ಎಂದಿಟ್ಟುಕೊಳ್ಳಿ. ತಿಂಗಳಿಗೆ ಶೇ. 3.5 ಬಡ್ಡಿಯಂತೆ 3,500, ಅದರ ಮೇಲೆ ಜಿಎಸ್‌ಟಿ 630. ಒಂದೇ ತಿಂಗಳಲ್ಲಿ 4,130 ಹೋಯಿತು, ಎಂಟು ಸಾವಿರ ಪಾಯಿಂಟಿನ ಎರಡು ಪಟ್ಟು. ಅಷ್ಟಕ್ಕೇ ನಿಲ್ಲುವುದಿಲ್ಲ. ಹಳೆಯ ಬಾಕಿ ಇರುವವರೆಗೆ ಬಡ್ಡಿರಹಿತ ಅವಧಿಯೇ ರದ್ದು, ಮರುದಿನ ಕೊಂಡ ಹಾಲಿನ ಪ್ಯಾಕೆಟ್ಟಿಗೂ ಅಂದಿನಿಂದಲೇ ಬಡ್ಡಿ. ಬಿಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ಕನಿಷ್ಠ ಮೊತ್ತ ಕಟ್ಟಿದರೆ ತಡ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 42. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ರದ್ದು ಮಾಡಿತು.

ಬಡ್ಡಿರಹಿತ ನಲವತ್ತು ದಿನ ಹಣವನ್ನು ಉಳಿತಾಯ ಖಾತೆಯಲ್ಲೇ ಇಟ್ಟು ಅದರ ಬಡ್ಡಿಯನ್ನೂ ಪಡೆಯಬಹುದು ಎಂದು ಕೆಲವರು ಲೆಕ್ಕ ತೋರಿಸುತ್ತಾರೆ. ಶೇ. 2.5ರಂತೆ ಅದು ಸುಮಾರು 2,190 ರೂಪಾಯಿ. ಬಡ್ಡಿಯನ್ನು ಮುಟ್ಟದ ನಮ್ಮಂಥ ಮನೆಗಳಲ್ಲಿ ಈ ಸಾಲು ಲಾಭದ ಕಡೆಗೆ ಬರುವುದೇ ಇಲ್ಲ.

ಇಲ್ಲಿಗೆ ನಮ್ಮ ಕಾಲೇಜಿನ ಹಲವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬಂದೆವು. ಸಮಯಕ್ಕೆ ಸರಿಯಾಗಿ ಕಟ್ಟಿ, ಒಂದು ಪೈಸೆ ಸೂದ್ ಕೊಡದೆ ಪಾಯಿಂಟ್ ಪಡೆದರೆ ಅದು ಹೇಗೆ? ಒಐಸಿಗೆ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 2000ನೇ ಇಸವಿಯ ಸೆಪ್ಟೆಂಬರ್‌ನಲ್ಲಿ ರಿಯಾದ್‌ನಲ್ಲಿ ಸೇರಿದಾಗ ಕ್ರೆಡಿಟ್ ಕಾರ್ಡಿನ ಬಗ್ಗೆ 108ನೇ ನಿರ್ಣಯ ಮಾಡಿತು. ತಡವಾದರೆ ಬಡ್ಡಿ ಎಂಬ ಷರತ್ತು ಇರುವ ಕಾರ್ಡನ್ನು, ಸಮಯಕ್ಕೆ ಕಟ್ಟುವ ಗಟ್ಟಿ ಇರಾದೆ ಇದ್ದರೂ, ಪಡೆಯುವುದು ಸರಿಯಲ್ಲ ಎಂಬುದು ಅದರ ತಾತ್ಪರ್ಯ. ಅಗತ್ಯವಿದ್ದು, ಸಮಯಕ್ಕೆ ಕಟ್ಟುವ ಎಚ್ಚರವಿದ್ದರೆ ಅವಕಾಶವಿದೆ ಎನ್ನುವ ಉಲಮಾಗಳೂ ಇದ್ದಾರೆ. ಫತ್ವಾ ಕೊಡುವುದು ಪಿಯುಸಿ ವಿದ್ಯಾರ್ಥಿಯ ಕೆಲಸವಲ್ಲ. ಆದರೆ ಅದೇ ನಿರ್ಣಯದಲ್ಲಿ ವಾಣಿಜ್ಯದವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಬ್ಯಾಂಕು ವ್ಯಾಪಾರಿಯಿಂದ ಕಮಿಷನ್ ಪಡೆಯಬಹುದು ಎಂದು ಅದು ಒಪ್ಪುತ್ತದೆ, ಆದರೆ ವ್ಯಾಪಾರಿ ನಗದಿಗೆ ಕೊಡುವ ಬೆಲೆಗೇ ಕಾರ್ಡಿಗೂ ಕೊಡಬೇಕು ಎಂಬ ಷರತ್ತಿನೊಂದಿಗೆ. ಲೆಕ್ಕದ ಮೇಜಿನ ಆ ಎರಡು ಪರ್ಸೆಂಟ್ ಈ ಷರತ್ತಿಗೇ ತಾಗುತ್ತದೆ. ಕಮಿಷನ್ ವ್ಯಾಪಾರಿಯ ಖರ್ಚಾಗಿದ್ದಾಗ ಅದು ಸೇವೆಗೆ ಕೊಟ್ಟ ಕೂಲಿ. ಅದನ್ನೇ ಗಿರಾಕಿಯ ಮೇಲೆ ಹೊರಿಸಿದರೆ, ನಲವತ್ತು ದಿನದ ಸಾಲಕ್ಕೆ ಅವನು ಹೆಚ್ಚು ಕೊಟ್ಟಂತೆಯೇ ಆಗುತ್ತದೆ ಎಂದು ನನಗೆ ಅನಿಸುತ್ತದೆ. ಇದು ನನ್ನ ತಿಳುವಳಿಕೆ. ಮಸಲೆಯನ್ನು ಬಲ್ಲ ಆಲಿಮರನ್ನೇ ಕೇಳಬೇಕು.

ಕಾರ್ಡು ಕೊಡುವ ಬ್ಯಾಂಕಿನ ಆದಾಯದಲ್ಲಿ ಅಂಗಡಿಯ ಪಾಲು ಒಂದು, ವಾರ್ಷಿಕ ಶುಲ್ಕ ಒಂದು, ಬಾಕಿ ಉಳಿಸಿಕೊಂಡವರ ಬಡ್ಡಿ ಇನ್ನೊಂದು. ಪಾಯಿಂಟಿನ ಆಸೆ ತೋರಿಸಿ ಕಾರ್ಡು ಹಂಚಿದಾಗ ಅದನ್ನು ಪಡೆದವರಲ್ಲಿ ಕೆಲವರು ಎಡವಿ ಬಡ್ಡಿ ಕಟ್ಟುತ್ತಾರೆ ಎಂಬುದು ಬ್ಯಾಂಕಿಗೆ ಮೊದಲೇ ಗೊತ್ತಿರುವ ಲೆಕ್ಕ. ಸಮಯಕ್ಕೆ ಕಟ್ಟುವ ಜಾಣನಿಗೆ ಸಿಗುವ ಪಾಯಿಂಟಿನಲ್ಲಿ ಎಡವಿದವನ ದುಡ್ಡೂ ಸ್ವಲ್ಪ ಇರುತ್ತದೆ. ಜಾಣನಾಗಿದ್ದೇನೆ ಎಂಬುದಷ್ಟೇ ಇಲ್ಲಿ ಸಮಾಧಾನವಾಗದು ಎಂದು ನನ್ನ ಅಭಿಪ್ರಾಯ. ನಮ್ಮ ಮನೆಯ ಉರ್ದುವಿನಲ್ಲಿರುವ ಬಾಕಿ, ಜಮಾ, ವಸೂಲಿ, ಖರ್ಚು ಎಲ್ಲ ಕನ್ನಡದ ಲೆಕ್ಕದ ಪುಸ್ತಕದಲ್ಲೂ ಇವೆ. ಮುಫತ್ತು ಎಂಬ ಮಾತೂ ಎರಡೂ ಕಡೆ ಇದೆ, ಆದರೆ ಆ ಹೆಸರಿನ ಖಾತೆಯನ್ನು ನಮ್ಮ ಅಕೌಂಟೆನ್ಸಿಯಲ್ಲಿ ನಾನು ಇನ್ನೂ ಕಂಡಿಲ್ಲ.

ಕೊನೆಯದಾಗಿ ಒಂದು ವಿಷಯ, ನಮ್ಮ ಕಡೆ ಇದು ಹೆಚ್ಚಾಗಿ ನಡೆಯುವುದರಿಂದ. ಕಾರು ಒಬ್ಬರದು, ಕಾರ್ಡು ಇನ್ನೊಬ್ಬರದು. ಮಾಮೂ ನಗದು ಕೊಡುತ್ತಾರೆ ಅಥವಾ ಆಮೇಲೆ ಖಾತೆಗೆ ಹಾಕುತ್ತಾರೆ, ಅಳಿಯ ತನ್ನ ಕಾರ್ಡು ಉಜ್ಜಿ ಪಾಯಿಂಟ್ ಇಟ್ಟುಕೊಳ್ಳುತ್ತಾನೆ. ಇದರಲ್ಲಿ ಎರಡು ತೊಡಕುಗಳಿವೆ. ಒಂದು ಆದಾಯ ತೆರಿಗೆಯದು. ಒಂದು ಆರ್ಥಿಕ ವರ್ಷದಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ನಗದಾಗಿ ಒಂದು ಲಕ್ಷ, ಅಥವಾ ಬೇರೆ ರೀತಿಯಲ್ಲಿ ಹತ್ತು ಲಕ್ಷ ತಲುಪಿದರೆ ಬ್ಯಾಂಕು ಅದನ್ನು ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು ಆದಾಯ ತೆರಿಗೆ ನಿಯಮಗಳು ಹೇಳುತ್ತವೆ. ಕಾರಿನ ಎಂಟು ಲಕ್ಷದ ಜೊತೆ ತನ್ನ ವರ್ಷದ ಖರ್ಚೂ ಸೇರಿದರೆ ಹತ್ತು ಲಕ್ಷ ಸುಲಭವಾಗಿ ದಾಟುತ್ತದೆ. ಮಾಮೂ ಕೊಟ್ಟ ನೋಟುಗಳನ್ನೇ ಬ್ಯಾಂಕಿಗೆ ಕಟ್ಟಿದರೆ ಒಂದು ಲಕ್ಷಕ್ಕೇ ಮುಗಿಯಿತು. ತಿಂಗಳಿಗೆ ಮೂವತ್ತೈದು ಸಾವಿರ ಸಂಬಳದ ಹುಡುಗನ ಪ್ಯಾನ್ ಸಂಖ್ಯೆಯ ಮೇಲೆ ಆ ಖರ್ಚು ಕಾಣಿಸುತ್ತದೆ. ನೋಟಿಸ್ ಬಂದರೆ ಹಣ ಎಲ್ಲಿಂದ ಬಂತು ಎಂದು ಉತ್ತರಿಸಬೇಕಾದವನು ಅವನೇ. ಸಾಲದ ವ್ಯವಹಾರವನ್ನು ಬರೆದಿಡಬೇಕು ಎಂದು ಸೂರಾ ಬಕರಾದ 282ನೇ ಆಯತ್ ಆದೇಶಿಸುತ್ತದೆ. ಮನೆಯವರ ನಡುವೆಯೇ ಆದರೂ ಒಂದು ಚೀಟಿ ಬರೆದು, ಹಣವನ್ನು ಖಾತೆಯಿಂದ ಖಾತೆಗೇ ಕಳಿಸಿದರೆ ಆ ದಿನ ತೋರಿಸಲು ಏನಾದರೂ ಇರುತ್ತದೆ.

ಇನ್ನೊಂದು, ಪಾಯಿಂಟ್ ಯಾರದು ಎಂಬುದು. ಹಣ ಮಾಮೂದು, ಕಾರು ಮಾಮೂದು, ಹೆಚ್ಚುವರಿ ಶೇ. 2 ಇದ್ದರೆ ಅದನ್ನು ಕೊಟ್ಟವರೂ ಮಾಮೂ. ಕಾರ್ಡು ಮಾತ್ರ ಅಳಿಯನದು, ಬಿಲ್ಲು ಕಟ್ಟದಿದ್ದರೆ ಸಿಕ್ಕಿಬೀಳುವವನೂ ಅವನೇ. ಅವನ ಹೊಣೆಗೆ ಎರಡು ಸಾವಿರ ಕೂಲಿ ಎನ್ನಬಹುದು. ಆದರೆ ಮಾಮೂಗೆ ಪಾಯಿಂಟಿನ ಸಂಗತಿಯೇ ಗೊತ್ತಿಲ್ಲದಿದ್ದರೆ ಹಾಗೆನ್ನಲು ಬರುವುದಿಲ್ಲ. ಇನ್ನೊಬ್ಬರ ಪರವಾಗಿ ವ್ಯವಹಾರ ಮಾಡುವವನು ಅದರಲ್ಲಿ ಗುಟ್ಟಾಗಿ ಲಾಭ ಮಾಡಿಕೊಳ್ಳಬಾರದು ಎಂಬುದು ಏಜೆನ್ಸಿಯ ಮೊದಲ ಪಾಠ. ನಮ್ಮ ತರಗತಿಯಲ್ಲಿ ಇದನ್ನು ಚರ್ಚಿಸಿದಾಗ ಅಭಿಪ್ರಾಯ ಎರಡಾಯಿತು. ಉಜ್ಜುವ ಮೊದಲೇ "ಮಾಮೂ, ಇದರಲ್ಲಿ ನನಗೆ ಎರಡು ಸಾವಿರ ಬರುತ್ತದೆ" ಎಂದು ಹೇಳಿಬಿಟ್ಟರೆ ತಕರಾರಿಲ್ಲ ಎಂದು ಕೆಲವರು, ಹೇಳಿದ ಮೇಲೆ ಯಾವ ಮಾಮೂ ಒಪ್ಪುತ್ತಾರೆ ಎಂದು ಉಳಿದವರು.